ಗುಡುಗಿಲ್ಲದ ಊರಿಗೆ ಬೀಗರನ್ನು ಕರೆದೊಯ್ದದ್ದು

ಮನುಷ್ಯನಿಗೆ ತನ್ನ ಊರಿನ ದೇವರ ಮೇಲೆ ಎಷ್ಟು ಅಭಿಮಾನವೋ ಊರಿನ ಉಪದ್ರವಗಳ ಮೇಲೂ ಅಷ್ಟೇ ಅಭಿಮಾನ ಇರುತ್ತದೆ. ಹೊನ್ನಾಳಿಯವರನ್ನು ಹೊಳೆಯ ಬಗ್ಗೆ ಕೇಳಿ ನೋಡಿ. ನೆರೆ ಬಂದ ವರ್ಷ ನೀರು ಎಲ್ಲಿಯವರೆಗೆ ನಿಂತಿತ್ತು ಎಂದು ಗೋಡೆಯ ಮೇಲೆ ಕೈ ಇಟ್ಟು ತೋರಿಸುತ್ತಾರೆ. ಮುಂದಿನ ಸಲ ಕೇಳಿದರೆ ಆ ಕೈ ಒಂದು ಗೇಣು ಮೇಲೇರಿರುತ್ತದೆ. ನ್ಯಾಮತಿಯಲ್ಲಿರುವ ನನ್ನ ಷಡ್ಡಕನಿಗೆ ತನ್ನ ತೋಟಕ್ಕೆ ಬರುವ ಮಂಗಗಳಷ್ಟು ಬುದ್ಧಿವಂತ ಮಂಗಗಳು ಇಡೀ ಜಿಲ್ಲೆಯಲ್ಲಿ ಇಲ್ಲವೆಂಬ ನಂಬಿಕೆ. ನಾನು ಹುಟ್ಟಿದ್ದು ಜಗಳೂರಿನ ಪಕ್ಕದ ಹಳ್ಳಿಯಲ್ಲಿ. ಹೊಳೆ ಇಲ್ಲ, ತೋಟ ಇಲ್ಲ, ಮಂಗಗಳೂ ಬಂದು ನೋಡಿ ವಾಪಸ್ಸು ಹೋದ ಊರು. ಹಾಗಾಗಿ ನನ್ನ ಪಾಲಿಗೆ ಉಳಿದದ್ದು ಬಿಸಿಲು ಒಂದೇ. ಚನ್ನಗಿರಿಗೆ ಬಂದು ಪಾತ್ರೆ ಅಂಗಡಿ ಇಟ್ಟು, ಫ್ಯಾನಿನ ಕೆಳಗೆ ಕುಳಿತು ಕೊಡ, ಕೊಳಗ, ಕುಕ್ಕರ್ ಮಾರುತ್ತ ತಲೆ ನರೆತರೂ ಆ ಗರ್ವ ಮಾತ್ರ ಹೋಗಿರಲಿಲ್ಲ. ಬೇಸಿಗೆಯಲ್ಲಿ ಯಾರಾದರೂ ಅಂಗಡಿಗೆ ಬಂದು "ಅಬ್ಬಾ, ಏನು ಬಿಸಿಲ್ರೀ" ಎಂದರೆ ಸಾಕು, "ಇದೇನು ಬಿಸಿಲ್ರೀ? ಜಗಳೂರಿಗೆ ಬರ್ರಿ, ತೋರಸ್ತೀನಿ" ಎನ್ನುತ್ತಿದ್ದೆ, ಬಿಸಿಲು ನಮ್ಮ ಮನೆಯ ಅಟ್ಟದಲ್ಲಿ ಇಟ್ಟ ವಸ್ತು ಎಂಬ ಹಾಗೆ. ಹಾಗೆ ಕರೆದವರಲ್ಲಿ ಯಾರೂ ಬಂದಿರಲಿಲ್ಲ. ಈ ಬೇಸಿಗೆಯಲ್ಲಿ ಒಬ್ಬರು ಬಂದರು. ಅವರು ನನ್ನ ಬೀಗರು.

ನನ್ನ ಮಗಳು ಸುಮಾ ಕುಂದಾಪುರದ ಕಡೆ ಶಾಲೆಯೊಂದರಲ್ಲಿ ಟೀಚರು. ಅಲ್ಲಿಯವನನ್ನೇ ಮೆಚ್ಚಿಕೊಂಡಳು, ಕಳೆದ ವರ್ಷ ಮದುವೆಯೂ ಆಯಿತು. ಅವಳ ಮಾವ ಗೋಪಾಲ ಮಾಸ್ತರು ನಿವೃತ್ತ ಮೇಷ್ಟರು. ತೆಳ್ಳಗಿನ ಮೈ, ಬಿಳಿ ಪಂಚೆ, ಹೆಗಲ ಮೇಲೆ ಒಂದು ಬೈರಾಸು. ಟವೆಲ್ಲಿಗೆ ಅವರ ಕಡೆ ಹಾಗೆನ್ನುತ್ತಾರೆ. ಅವರ ಮನೆಯ ಹಿತ್ತಲು ದಾಟಿದರೆ ಸಮುದ್ರ. ಮದುವೆಯ ನಂತರ ಮೊದಲ ಸಲ ನಮ್ಮ ಮನೆಗೆ ಬರುವವರಿದ್ದರು. ಬೀಗಿತಿಯವರು ಹಲಸಿನ ಹಪ್ಪಳದ ಕೆಲಸ ಅರ್ಧಕ್ಕೆ ಬಿಟ್ಟು ಬರಲಾಗದೆ ಅಲ್ಲೇ ಉಳಿದರು. ಹಿಂದಿನ ದಿನ ಸುಮಾ ಫೋನು ಮಾಡಿದಳು. "ಅಪ್ಪಾ, ಒಂದು ಮಾತು. ಮಾವನಿಗೆ ಗುಡುಗು ಅಂದ್ರೆ ಆಗಲ್ಲ. ಅವರು ಏನಾದರೂ ಹೇಳಿದರೆ ಕೇಳು. ನಗಬ್ಯಾಡ." ನಾನು ನಗಲಿಲ್ಲ. ಫೋನು ಇಟ್ಟ ಮೇಲೆ ನಕ್ಕೆ.

ಮಾಸ್ತರು ಬಂದ ದಿನವೇ ಸಂಜೆ ಚನ್ನಗಿರಿಯ ಮೇಲೆ ಮೋಡ ಕವಿಯಿತು. ಮುಂಗಾರಿಗೆ ಮುಂಚೆ ನಮ್ಮಲ್ಲಿ ಹೀಗೆ ಸಂಜೆಯ ಹೊತ್ತು ಗಾಳಿ, ಗುಡುಗು, ನಾಲ್ಕು ಹನಿ ಇದ್ದದ್ದೇ. ನಾವು ಅದನ್ನು ಲೆಕ್ಕಕ್ಕೆ ಇಟ್ಟವರಲ್ಲ. ನನ್ನ ಹೆಂಡತಿ ಗಿರಿಜಾ ಮಹಡಿಯ ಮೇಲಿನ ಬಟ್ಟೆ ತರುತ್ತಾಳೆ, ನಾನು ಜಗಲಿಗೆ ಕುರ್ಚಿ ಹಾಕಿಕೊಂಡು ಮಳೆ ನೋಡುತ್ತೇನೆ. ಮೊದಲ ಗುಡುಗು ಕೇಳಿಸಿದ್ದೇ ತಡ, ಮಾತಾಡುತ್ತಿದ್ದ ಮಾಸ್ತರು ಎದ್ದರು. ಟಿವಿಯ ಪ್ಲಗ್ಗು ಕಿತ್ತರು. ವೈಫೈ ಪೆಟ್ಟಿಗೆಯದನ್ನು ಕಿತ್ತರು. ಅಡುಗೆಮನೆಗೆ ಹೋಗಿ ಫ್ರಿಜ್ಜಿನದನ್ನು ಕಿತ್ತರು. ಗಿರಿಜಾ ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತಿದ್ದಳು. "ಅಮ್ಮಾ, ಒಂದು ನಿಮಿಷ" ಎಂದು ಅದನ್ನೂ ಕಿತ್ತರು. ಆಮೇಲೆ ನಮ್ಮಿಬ್ಬರನ್ನೂ ನಡುಮನೆಗೆ ಕರೆದು ಮರದ ಮಂಚದ ಮೇಲೆ ಕೂರಿಸಿ, "ಕಾಲು ಮೇಲೆ ತೆಗೆದುಕೊಳ್ಳಿ. ಕಿಟಕಿಯ ಸರಳು ಮುಟ್ಟಬೇಡಿ. ನಲ್ಲಿಗೆ ಕೈ ಹಾಕಬೇಡಿ" ಎಂದರು. ಅವರು ಹೇಳಿದ ರೀತಿ ಹೇಗಿತ್ತೆಂದರೆ, ನಾನು ಎರಡನೇ ತರಗತಿಯ ಹುಡುಗನ ಹಾಗೆ ಕಾಲು ಮಡಚಿ ಕೂತುಬಿಟ್ಟೆ.

"ನೀವು ನಗಾಡಬಹುದು ಮಾರಾಯ್ರೇ," ಎಂದರು ಮಾಸ್ತರು. "ನಮ್ಮ ಪಕ್ಕದ ಮನೆಯ ತೆಂಗಿನ ಮರಕ್ಕೆ ಸಿಡಿಲು ಬಡಿದದ್ದು ನಾನು ಕಣ್ಣಾರೆ ಕಂಡದ್ದು. ಮರದಿಂದ ತಂತಿಗೆ, ತಂತಿಯಿಂದ ಮನೆಯ ಒಳಗೆ. ಗೋಡೆಯ ಸ್ವಿಚ್ಚು ಕಿತ್ತುಬಂದು ಎದುರಿನ ಗೋಡೆಗೆ ಹೊಡೆಯಿತು. ಸ್ವಿಚ್ಚಿನ ಹತ್ತಿರ ನಿಂತಿದ್ದ ಮನುಷ್ಯ ಇನ್ನೂ ಒಂದು ಕಿವಿಯಲ್ಲೇ ಕೇಳುವುದು." ಸಮುದ್ರದ ಕತೆಯನ್ನೂ ಹೇಳಿದರು. ಈ ತಿಂಗಳುಗಳಲ್ಲಿ ಅಲ್ಲಿ ಅಲೆ ಏಳುತ್ತದಂತೆ, ದೋಣಿಗಳನ್ನು ಮೇಲೆ ಎಳೆದು ಕಟ್ಟುತ್ತಾರಂತೆ, ದಡದಲ್ಲಿ ಕೆಂಪು ಬಾವುಟ ನೆಡುತ್ತಾರಂತೆ. ಆದರೂ ರಜಕ್ಕೆ ಬಂದವರು ಬಾವುಟದ ಪಕ್ಕದಲ್ಲೇ ಚಪ್ಪಲಿ ಬಿಟ್ಟು ನೀರಿಗೆ ಇಳಿಯುತ್ತಾರಂತೆ. ಮಾಸ್ತರು ದಿನಾ ಸಂಜೆ ಕೊಡೆ ಹಿಡಿದು ಹೋಗಿ ಅಂಥವರನ್ನು ಬೈದು ಮೇಲೆ ಹತ್ತಿಸುವುದು ವಾಡಿಕೆ. "ಹೆಚ್ಚಿನವರು ಘಟ್ಟದ ಮೇಲಿನವರೇ," ಎಂದರು. ನಂತರ ನನ್ನ ಮುಖ ನೋಡಿ, "ಎಲ್ಲರೂ ಅಲ್ಲ" ಎಂದು ಸೇರಿಸಿದರು.

ಮರುದಿನವೂ ಸಂಜೆ ಮೋಡ. ಅದರ ಮರುದಿನವೂ ಮೋಡ. ಗುಡುಗು ನಿಂತ ಮೇಲೆ ಕಿತ್ತ ಪ್ಲಗ್ಗುಗಳಲ್ಲಿ ಯಾವುದಾದರೂ ಒಂದು ಮರೆತು ಹೋಗುತ್ತಿತ್ತು. ಬಹಳ ಸಲ ಅದು ಫ್ರಿಜ್ಜಿನದೇ ಆಗಿರುತ್ತಿತ್ತು. ಹಾಲು ಒಡೆಯಿತು. ದೋಸೆ ಹಿಟ್ಟು ಉಕ್ಕಿ ಫ್ರಿಜ್ಜಿನ ಬಾಗಿಲಿನ ಸಂದಿಯಿಂದ ಹೊರಗೆ ಇಣುಕಿತು. ಗಿರಿಜಾ ನನ್ನನ್ನು ಹಿತ್ತಲಿಗೆ ಕರೆದಳು.

"ಬೀಗರಿಗೆ ನೀವು ಒಂದ್ ಮಾತು ಹೇಳ್ರಿ."

"ನಾನು ಹೆಂಗೆ ಹೇಳಲಿ? ಹೆಣ್ಣು ಕೊಟ್ಟ ಮನೆ ಕಣೇ."

"ಹೆಣ್ಣು ಕೊಟ್ಟೀವಿ, ಫ್ರಿಜ್ ಕೊಟ್ಟಿಲ್ಲ."

ಮಾಸ್ತರ ಗಮನವನ್ನು ಬೇರೆ ಕಡೆ ತಿರುಗಿಸೋಣ ಎಂದು ಅವರನ್ನು ಸೂಳೆಕೆರೆಗೆ ಕರೆದುಕೊಂಡು ಹೋದೆ. ಏರಿಯ ಮೇಲೆ ನಿಲ್ಲಿಸಿ, ಆ ದಡದಿಂದ ಈ ದಡದವರೆಗೆ ಕೈ ಬೀಸಿ, ಇಷ್ಟು ದೊಡ್ಡ ಕೆರೆ ನೀವು ಎಲ್ಲೂ ನೋಡಿರಲಿಕ್ಕಿಲ್ಲ ಎಂದೆ. ಮನೆಯ ಹಿಂದೆ ಅರಬ್ಬೀ ಸಮುದ್ರ ಇಟ್ಟುಕೊಂಡ ಮನುಷ್ಯ ಬಹಳ ಸೌಜನ್ಯದಿಂದ, "ಹೌದು, ದೊಡ್ಡದೇ ಉಂಟು" ಎಂದರು. ಅಷ್ಟರಲ್ಲಿ ಗುಡ್ಡದ ಹಿಂದೆ ಒಂದು ಮೋಡ ಕಾಣಿಸಿತು. "ನೀರಿನ ಹತ್ತಿರ ನಿಲ್ಲುವುದು ಬೇಡ" ಎಂದು ಅವರೇ ನನ್ನ ಕೈ ಹಿಡಿದು ಏರಿ ಇಳಿಸಿದರು. ಕರಿದ ಮೀನು ತಿನ್ನುತ್ತ ನಿಂತಿದ್ದವರೆಲ್ಲ ನಮ್ಮನ್ನೇ ನೋಡಿದರು.

ಆ ಹೊತ್ತಿಗೆ ನನಗೆ ಉಪಾಯ ಹೊಳೆಯಿತು. ಜಗಳೂರು! ಅಲ್ಲಿ ನಮ್ಮ ಹಳ್ಳಿಯಲ್ಲೇ ನನ್ನ ಅಕ್ಕ ನೀಲಮ್ಮ ಇದ್ದಾಳೆ, ಬೀಗರನ್ನು ಕರೆದುಕೊಂಡು ಬಾ ಎಂದು ಮದುವೆಯ ದಿನದಿಂದ ಹೇಳುತ್ತಿದ್ದಾಳೆ. ಮಳೆಗಾಲದಲ್ಲೇ ಮೋಡ ದಾರಿ ತಪ್ಪಿ ಬಂದ ಹಾಗೆ ಬಂದು, ನಾಚಿಕೊಂಡು ಮುಂದೆ ಹೋಗುವ ಊರು. ಬೇಸಿಗೆಯಲ್ಲಿ ಗುಡುಗು ಎಲ್ಲಿಂದ ಬರಬೇಕು? ಮಾಸ್ತರಿಗೂ ನೆಮ್ಮದಿ, ಫ್ರಿಜ್ಜಿಗೂ ನೆಮ್ಮದಿ. "ಅಲ್ಲಿ ಗುಡುಗೇ ಇಲ್ರೀ ಬೀಗರೇ," ಎಂದೆ. ಮಾಸ್ತರ ಮುಖ ಅರಳಿತು. ಮರುದಿನ ಮೊದಲ ಬಸ್ಸಿಗೆ ಹೊರಟು, ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ತಿಂಡಿಯ ಹೊತ್ತಿಗೆ ಅಕ್ಕನ ಮನೆ ಸೇರಿದೆವು.

ಮಧ್ಯಾಹ್ನದ ರೊಟ್ಟಿ ತಿಂದು ಹೊರಗೆ ಬಂದು ನಿಂತ ಮಾಸ್ತರು ತಮ್ಮ ತೋಳು ಮುಟ್ಟಿ ನೋಡಿಕೊಂಡರು, ಕುತ್ತಿಗೆ ಮುಟ್ಟಿ ನೋಡಿಕೊಂಡರು. "ಎಂತ ಮಾರಾಯ್ರೇ, ಬೆವರೇ ಇಲ್ಲ! ನಮ್ಮಲ್ಲಿ ಈ ಹೊತ್ತಿಗೆ ಅಂಗಿ ಹಿಂಡಬೇಕು. ಇದು ಸೆಕೆಯೇ ಅಲ್ಲ."

ಇದು ಸೆಕೆಯೇ ಅಲ್ಲ! ನನ್ನ ಊರಿನಲ್ಲಿ, ನನ್ನ ಅಕ್ಕನ ಅಂಗಳದಲ್ಲಿ ನಿಂತು ಹೇಳಿದ ಮಾತು. ಎದೆಗೆ ನಾಟಿತು. ಅಕ್ಕ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. "ಬೀಗ್ರೇ, ಇಲ್ಲಿ ಬಿಸಿಲು ಬೆವರು ಕಾಣಸಾಕೆ ಬಿಡಲ್ಲ, ಹಂಗೇ ಹೀರಿಬಿಡ್ತೈತೆ. ಬೆವರು ಬಂದಿಲ್ಲ ಅಂತ ಮೋಸ ಹೋಗಬ್ಯಾಡ್ರಿ. ಎಲ್ಲಿಗೆ ಹೋಗಾದಿದ್ರೂ ಇಳಿಹೊತ್ತಿಗೆ ಹೋಗ್ರಿ," ಎಂದಳು. ಮಾಸ್ತರು ಒಪ್ಪಿ ತಲೆಯಾಡಿಸಿದರು. ಬರುವಾಗ ಬಸ್ಸಿನಿಂದ ಕುರಿ ಹಿಂಡುಗಳನ್ನು ನೋಡಿದ್ದ ಅವರಿಗೆ ಕುರಿಗಳನ್ನು ಕೂಡಿಹಾಕುವ ರೊಪ್ಪ ನೋಡುವ ಆಸೆ. ಸಂಜೆಗೆ ಹೋದರಾಯಿತು ಎಂದರು. ಮಾತು ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಸದವನು ನಾನು. "ಸಂಜೆ ಯಾಕೆ? ಈಗಲೇ ಹೋಗೋಣ. ನಮಗೇನು ಬಿಸಿಲು ಹೊಸದಾ? ಬೀಗರೂ ನಮ್ಮ ಬಿಸಿಲು ಎಂಥದು ಅಂತ ನೋಡಲಿ," ಎಂದೆ. ಅಕ್ಕ, "ಲೇ ರುದ್ರಾ, ನೀನು ಬಿಸಿಲಿಗೆ ಬಿದ್ದು ಎಷ್ಟು ವರ್ಷ ಆತೋ?" ಎಂದಳು. ನಾನು ಕೇಳಿಸದವನ ಹಾಗೆ ಚಪ್ಪಲಿ ಮೆಟ್ಟಿದೆ. ಮಾಸ್ತರು ಮಾತ್ರ ಬೈರಾಸನ್ನು ತೊಟ್ಟಿಯಲ್ಲಿ ಅದ್ದಿ ತಲೆಗೆ ಹಾಕಿಕೊಂಡರು, ತಮ್ಮ ಕೊಡೆ ತೆಗೆದುಕೊಂಡರು, ಅಕ್ಕ ಉಪ್ಪು ಹಾಕಿ ಕೊಟ್ಟ ಮಜ್ಜಿಗೆಯ ಬಾಟಲಿಯನ್ನೂ ಒಂದು ನೀರಿನ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಂಡರು. ಅಕ್ಕ ನನಗೂ ಒಂದು ಟವೆಲ್ಲು ಚಾಚಿದಳು. ಹುಟ್ಟಿದ ಊರಿನಲ್ಲಿ ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡು ತಿರುಗಿದರೆ ಜನ ಏನಂದಾರು? ಬರಿತಲೆಯಲ್ಲಿ ಹೊರಟೆ.

ರೊಪ್ಪ ಇದೆ ಎಂದು ನಾನು ನೆನಪಿಟ್ಟುಕೊಂಡಿದ್ದ ಜಾಗದಲ್ಲಿ ರೊಪ್ಪ ಇರಲಿಲ್ಲ. ದಾರಿಯಲ್ಲಿ ಸಿಕ್ಕ ಹೆಣ್ಣುಮಗಳೊಬ್ಬಳು, "ಅದನ್ನ ಆ ಕಡೆ ದಿಬ್ಬಕ್ಕೆ ಹಾಕ್ಯಾರ್ರೀ" ಎಂದು ದೂರಕ್ಕೆ ಕೈ ತೋರಿಸಿದಳು. ನಡೆದೆವು. ಮೆಕ್ಕೆಜೋಳಕ್ಕೆಂದು ಉತ್ತು ಬಿಟ್ಟ ಹೊಲಗಳು, ಅಲ್ಲಲ್ಲಿ ಜಾಲಿ, ಕೆಂಪು ನೆಲದಿಂದ ಏಳುವ ಝಳ. ಮೊದಮೊದಲು ನಾನು ಬಹಳ ಮಾತಾಡಿದೆ. ಚಿಕ್ಕಂದಿನಲ್ಲಿ ಈ ಬಿಸಿಲಿನಲ್ಲಿ ಬರಿಗಾಲಲ್ಲಿ ಬುಗುರಿ ಆಡುತ್ತಿದ್ದದ್ದು, ಮೈಲಿಗಟ್ಟಲೆ ನಡೆದು ಶಾಲೆಗೆ ಹೋಗುತ್ತಿದ್ದದ್ದು. ಶಾಲೆ ನಿಜವಾಗಿ ನಮ್ಮ ಮನೆಯ ಎದುರಿಗೇ ಇತ್ತು. ಮಾಸ್ತರು ನಡುನಡುವೆ ನಿಂತು ಮಜ್ಜಿಗೆ ಕುಡಿದು ನನ್ನ ಕಡೆ ಬಾಟಲಿ ಚಾಚುತ್ತಿದ್ದರು. "ನೀವು ಕುಡೀರಿ, ನಿಮಗೆ ಅಭ್ಯಾಸ ಇಲ್ಲ" ಎನ್ನುತ್ತಿದ್ದೆ. ದಿಬ್ಬ ಹತ್ತಿದರೆ ಕುರಿಗಳೆಲ್ಲ ಮೇಯಲು ಹೋಗಿದ್ದವು. ಮುಳ್ಳಿನ ಬೇಲಿಯೊಳಗೆ ಒಂದು ಕುಂಟು ಆಡು ಮಾತ್ರ ನಮ್ಮನ್ನು ನೋಡುತ್ತ ನಿಂತಿತ್ತು. ಮಾಸ್ತರು ಅದನ್ನೇ ತೃಪ್ತಿಯಿಂದ ನೋಡಿದರು. ತಿರುಗಿ ಹೊರಟೆವು.

ವಾಪಸ್ಸು ಬರುವಾಗ ನನಗೆ ತಲೆ ಸಿಡಿಯತೊಡಗಿತು. ಆಮೇಲೆ ಬಿಸಿಲಿನಲ್ಲೇ ಮೈ ಚಳಿ ಬಂದ ಹಾಗೆ ಜುಮ್ಮೆಂದಿತು. ಮುಂದೆ ಹೋಗುತ್ತಿದ್ದ ಮಾಸ್ತರು ಎರಡಾಗಿ ಕಂಡರು. ಹೇಳೋಣವೆಂದರೆ ನಾಲಿಗೆ ಅಂಗುಳಿಗೆ ಅಂಟಿತ್ತು, ನಾಚಿಕೆ ಅದಕ್ಕಿಂತ ಗಟ್ಟಿಯಾಗಿ ಅಂಟಿತ್ತು. ಮಾಸ್ತರು ತಾವಾಗಿಯೇ ನಿಂತು ಹಿಂತಿರುಗಿದರು.

"ನೀವು ಮಾತು ನಿಲ್ಲಿಸಿ ಸುಮಾರು ಹೊತ್ತಾಯಿತು. ನೀವು ಹಾಗೆಲ್ಲ ನಿಲ್ಲಿಸುವವರಲ್ಲವಲ್ಲ. ಎಂತ ಆಯಿತು?"

ಏನೂ ಆಗಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಲ್ಲೇ ಕುಸಿದೆ. ಆಮೇಲಿನದು ನನಗೆ ಚೂರುಚೂರಾಗಿ ನೆನಪಿದೆ. ಮಾಸ್ತರು ನನ್ನ ಕಂಕುಳಿಗೆ ಕೈ ಹಾಕಿ ಹೊಲದ ಬದುವಿನ ಮೇಲಿದ್ದ ಒಂಟಿ ಬೇವಿನ ಮರದ ನೆರಳಿಗೆ ಎಳೆದದ್ದು, ಅಂಗಿಯ ಗುಂಡಿ ಬಿಚ್ಚಿದ್ದು, ಬೈರಾಸಿಗೆ ನೀರು ಸುರಿದು ಎದೆ, ಕುತ್ತಿಗೆಗೆ ಹಾಕಿದ್ದು, ಕೊಡೆಯಿಂದ ಗಾಳಿ ಬೀಸಿದ್ದು. "ಕಣ್ಣು ಬಿಡಿ. ನಿಮ್ಮ ಹೆಸರು ಹೇಳಿ," ಎಂದು ಕೇಳುತ್ತಿದ್ದರು. ನಾನು ಹೆಸರು ಹೇಳಿದೆ. ನಂತರ ಕೇಳದಿದ್ದರೂ ಅಂಗಡಿಯ ಹೆಸರನ್ನೂ ಹೇಳಿದೆನಂತೆ. ಎಚ್ಚರ ಇದೆ ಎಂದು ಖಾತ್ರಿಯಾದ ಮೇಲೆ ಮಜ್ಜಿಗೆಯನ್ನು ಗುಟುಕುಗುಟುಕಾಗಿ ಕುಡಿಸಿದರು. ಆ ಮಜ್ಜಿಗೆಯ ರುಚಿ ಸಾಯುವವರೆಗೂ ಮರೆಯುವುದಿಲ್ಲ.

ಮರದ ಕೆಳಗೆ ಮಲಗಿ, ಇನ್ನು ಬದುಕಿದೆ ಎಂದುಕೊಳ್ಳುತ್ತಿದ್ದಾಗ ಬಿಸಿಲು ಆರಿತು. ದೇವರು ದೊಡ್ಡವನು ಎಂದುಕೊಂಡೆ. ಅಷ್ಟರಲ್ಲಿ ಕೆಂಪು ಧೂಳೆಬ್ಬಿಸಿಕೊಂಡು ಗಾಳಿ ಬಂತು. ಪಶ್ಚಿಮಕ್ಕೆ ಆಕಾಶ ಬಾಣಲೆಯ ತಳದ ಹಾಗೆ ಕಪ್ಪಾಗಿತ್ತು. ಜಗಳೂರಿನ ಆಕಾಶ, ನಾನು ಜಾಮೀನು ಕೊಟ್ಟಿದ್ದ ಆಕಾಶ, ಗುಡುಗಿತು.

ಮಾಸ್ತರ ಮುಖದಲ್ಲಿ ರಕ್ತವೇ ಇರಲಿಲ್ಲ. ಸುತ್ತ ನೋಡಿದರು. ಕಣ್ಣಿಗೆ ಕಾಣುವಷ್ಟು ದೂರ ಬೋಳು ಹೊಲ. ಅದರ ನಡುವೆ ಎತ್ತರದ್ದು ಎಂದರೆ ನಮ್ಮ ಬೇವಿನ ಮರ ಒಂದೇ.

"ಏಳಿ. ಈ ಮರದ ಅಡಿ ಇರುವ ಹಾಗಿಲ್ಲ."

"ನನ್ ಕೈಲಿ ಆಗಲ್ಲ ಬೀಗರೇ. ನೀವು ಹೋಗ್ರಿ," ಎಂದೆ. ತ್ಯಾಗದಿಂದ ಹೇಳಿದ್ದಲ್ಲ, ಏಳಲು ಸೋಮಾರಿತನ. ಆ ನೆರಳು, ಆ ಗಾಳಿ ಅಷ್ಟು ಹಿತವಾಗಿತ್ತು. ಎಂಟು ದಿನ ಬಿಟ್ಟು ಏಳು ಎಂದಿದ್ದರೆ ಏಳುತ್ತಿದ್ದೆ.

ಅವರು ಹೋಗಬಹುದಿತ್ತು. ರಸ್ತೆ ದೂರವಿರಲಿಲ್ಲ, ಅವರ ಕಾಲು ಗಟ್ಟಿಯಾಗಿದ್ದವು. ಅವರು ಕೊಡೆಯನ್ನು ಮರದ ಬುಡದಲ್ಲಿ ಬಿಸಾಕಿದರು, ಬಗ್ಗಿ ನನ್ನ ತೋಳನ್ನು ತಮ್ಮ ಕುತ್ತಿಗೆಗೆ ಹಾಕಿಕೊಂಡರು. "ಏಳುತ್ತೀರೋ ಇಲ್ಲವೋ?" ಎಂದು ಕೂಗಿದರು. ಕೆಂಪು ಬಾವುಟದ ಹತ್ತಿರ ನಿಂತು ಘಟ್ಟದ ಮೇಲಿನವರಿಗೆ ಬೈಯುವ ದನಿ ಅದೇ ಇರಬೇಕು. ಎದ್ದೆ. ಅರ್ಧ ನಡೆದು, ಅರ್ಧ ಅವರ ಬೆನ್ನಿನ ಮೇಲೆ ಜೋತುಬಿದ್ದು ಉತ್ತ ಹೊಲದ ಹೆಂಟೆಗಳನ್ನು ದಾಟಿದೆವು. ಪ್ರತಿ ಗುಡುಗಿಗೂ ಅವರ ಮೈ ನಡುಗುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು. ಒಮ್ಮೆಯೂ ನಿಲ್ಲಲಿಲ್ಲ.

ರಸ್ತೆ ಮುಟ್ಟುವುದಕ್ಕೂ ಜಗಳೂರಿನ ಕಡೆ ಹೋಗುವ ಬಸ್ಸು ಬರುವುದಕ್ಕೂ ಸರಿಹೋಯಿತು. ಕಂಡಕ್ಟರು ಬಾಗಿಲಿಗೆ ಅಡ್ಡ ನಿಂತು, ಗುಂಡಿ ಬಿಚ್ಚಿದ, ಮಣ್ಣು ಮೆತ್ತಿದ, ತೂರಾಡುವ ನನ್ನನ್ನು ನೋಡಿದ.

"ಯಜಮಾನ್ರೇ, ಏನು ಕುಡಿದಾರೆ ಇವರು?"

"ಮಜ್ಜಿಗೆ," ಎಂದರು ಮಾಸ್ತರು.

ಬಸ್ಸಿಗೆ ಬಸ್ಸೇ ನಕ್ಕಿತು. ಯಾರೋ ಒಬ್ಬರು, "ಯಾವ ಅಂಗಡಿ ಮಜ್ಜಿಗೆ ಕೇಳ್ರೀ" ಎಂದರು. ಮಾಸ್ತರಿಗೆ ನಗುವಿನ ಅರ್ಥವಾಗಲಿಲ್ಲ, "ಮನೆಯಲ್ಲೇ ಮಾಡಿದ್ದು" ಎಂದರು. ಮತ್ತೆ ನಕ್ಕರು. ಕೊನೆಗೆ ಒಬ್ಬ ಹೆಂಗಸು, "ಬಿಸಿಲು ಬಡಿದೈತ್ರೀ, ಮಾರಿ ನೋಡ್ರಿ ಹೆಂಗಾಗೈತೆ, ಒಳಗೆ ಬಿಡ್ರಿ" ಎಂದು ಗದರಿದ ಮೇಲೆ ಸೀಟು ಸಿಕ್ಕಿತು. ನಾವು ಕೂತದ್ದೇ ಆಲಿಕಲ್ಲು ಬಸ್ಸಿನ ತಲೆಯ ಮೇಲೆ ಗೋಲಿ ಸುರಿದ ಹಾಗೆ ಬಿದ್ದವು. ಬಿಳಿ ಬೆಳಕು ಕಣ್ಣು ಕುಕ್ಕಿತು. ಸದ್ದು ಕೂಡಲೇ ಬಂತು, ಎಲ್ಲೋ ಹತ್ತಿರವೇ. "ಬಸ್ಸಿನ ಒಳಗೆ ಭಯ ಇಲ್ಲ. ಸರಳು ಬಿಡಿ, ಎಲ್ಲರೂ ಸರಳು ಬಿಟ್ಟು ಕೂತುಕೊಳ್ಳಿ," ಎಂದರು ಮಾಸ್ತರು. ದನಿ ಸ್ಥಿರವಾಗಿತ್ತು, ನನ್ನ ಕೈ ಹಿಡಿದಿದ್ದ ಅವರ ಕೈ ಮಾತ್ರ ತಣ್ಣಗಿತ್ತು. ಸುಮಾರು ಮಂದಿ ಮುಂದಿನ ಸೀಟಿನ ಸರಳಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಕಂಡಕ್ಟರೂ.

ಜಗಳೂರಿನಲ್ಲಿ ಆಸ್ಪತ್ರೆಗೆ ಸೇರಿಸಿ ಗ್ಲೂಕೋಸ್ ಹಾಕಿಸಿದರು. ವೈದ್ಯೆ ನನ್ನ ಮಗಳ ವಯಸ್ಸಿನವಳು. "ಈ ವಯಸ್ಸಿನಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಬರಿತಲೇಲಿ ಯಾಕೆ ಹೋಗಿದ್ರಿ?" ಎಂದು ಕೇಳಿದಳು. ಸುದ್ದಿ ತಿಳಿದು ಬಂದಿದ್ದ ಅಕ್ಕ ಪಕ್ಕದಲ್ಲಿ ನಿಂತು, "ಅವನ ಬಿಸಿಲು ಅವನೇ ನೋಡಾಕೆ ಹೋಗಿದ್ದ" ಎಂದಳು. ಇನ್ನೂ ಸ್ವಲ್ಪ ತಡವಾಗಿದ್ದರೆ ಮಾತು ಬೇರೆ ಇತ್ತು ಎಂದು ವೈದ್ಯೆ ಅಕ್ಕನಿಗೆ ಹೇಳಿದ್ದು ನನಗೂ ಕೇಳಿಸಿತು. ಆಗ ಮೊದಲ ಸಲ ನಿಜವಾಗಿ ಹೆದರಿದೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಬಿಟ್ಟ ಮೇಲೆ ಅಕ್ಕನ ನೆಂಟನೊಬ್ಬನ ಬೈಕಿನಲ್ಲಿ ಕೊಡೆ ಹುಡುಕಲು ಹೋದೆ. ಬೇವಿನ ಮರಕ್ಕೆ ಏನೂ ಆಗಿರಲಿಲ್ಲ. ಒಂದು ಎಲೆಯೂ ಕಂದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಸಿಟ್ಟೇ ಬಂತು: ಇಷ್ಟಕ್ಕೆ ನನ್ನನ್ನು ಹೆಂಟೆಯ ಮೇಲೆ ಎಳೆದರೇ? ಗಾಳಿಗೆ ಹಾರಿ ಬೇಲಿಗೆ ಸಿಕ್ಕಿದ್ದ ಕೊಡೆ ತೆಗೆದುಕೊಂಡು ರಸ್ತೆಗೆ ಬಂದರೆ, ಅತ್ತ ಹುಣಸೆಮರದ ಹತ್ತಿರ ಜನ ಸೇರಿದ್ದರು. ಮಳೆಗೆ ಅದರ ಕೆಳಗೆ ಒತ್ತೊತ್ತಾಗಿ ನಿಂತಿದ್ದ ಕುರಿಗಳು ಸಿಡಿಲು ಬಡಿದು ಹಾಗೇ ಸಾಲಾಗಿ ಸತ್ತು ಬಿದ್ದಿದ್ದವು. ಹಿಂದೆ ಬಿದ್ದ ಒಂದು ಮರಿಯನ್ನು ತರಲು ಹೊಲಕ್ಕೆ ಇಳಿದಿದ್ದ ಕುರಿ ಕಾಯುವವನು ಉಳಿದುಕೊಂಡಿದ್ದ. ಅವನು ಆ ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಬೈಕು ಓಡಿಸುತ್ತಿದ್ದವನಿಗೆ ಮನೆಗೆ ಹೋಗೋಣ ಎಂದೆ. ಮಾಸ್ತರಿಗೆ ವಿಷಯ ಹೇಳಿದೆ. ಅವರು "ನಾನು ಹೇಳಲಿಲ್ಲವೇ" ಎನ್ನಲಿಲ್ಲ. ಕೊಡೆಯ ಬಗ್ಗಿದ ಕಡ್ಡಿಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿದರು, ಆಮೇಲೆ ಆ ಕುರಿಯವನ ಮನೆ ಯಾವುದೆಂದು ಅಕ್ಕನನ್ನು ಕೇಳಿಕೊಂಡು ಹೋಗಿ ಬಂದರು.

ಚನ್ನಗಿರಿಗೆ ಬಂದು ನಾಲ್ಕು ದಿನ ಇದ್ದು ಮಾಸ್ತರು ಊರಿಗೆ ಹೊರಟರು. ಬಸ್ಸು ಹತ್ತಿಸುವಾಗ ಏನಾದರೂ ಹೇಳಬೇಕು ಎಂದು ನಾನು ಬಹಳ ತಯಾರಿ ಮಾಡಿಕೊಂಡಿದ್ದೆ. ಕೈ ಮುಗಿದೆ. "ಬೀಗಿತಿಯವರನ್ನ ಕೇಳಿದೆ ಅಂತ ಹೇಳ್ರಿ" ಎಂದೆ, ಅಷ್ಟೆ. ಅವರು ನನ್ನ ಭುಜ ತಟ್ಟಿ, "ಆರೋಗ್ಯ ಮಾರಾಯ್ರೇ" ಎಂದರು.

ಅಕ್ಕ ಗಿರಿಜಾಳಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದ್ದಳು. ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಇವಳು ತಿಳಿದುಕೊಂಡಿದ್ದಳು. ಆ ವಿಷಯ ಎತ್ತಿರಲಿಲ್ಲ. ಹೋದ ಭಾನುವಾರ ಸುಮಾಳ ಫೋನು ಬಂತು. ಗಿರಿಜಾ ಕಾಳು ಸೋಸುತ್ತಿದ್ದಳು, ಕೈ ಬಿಡುವಿಲ್ಲವೆಂದು ಫೋನನ್ನು ಸ್ಪೀಕರಿಗೆ ಹಾಕಿ ನನ್ನ ಮುಂದೆ ಇಟ್ಟಳು.

"ಅಪ್ಪಾ," ಎಂದಳು ಸುಮಾ. ದನಿಯಲ್ಲಿ ನಾನು ಎಂದೂ ಕೇಳಿರದ ಅಕ್ಕರೆ. "ನೀನು ಹೇಳೇ ಇಲ್ಲ ನೋಡು. ಜಗಳೂರಲ್ಲಿ ಮಾವನಿಗೆ ಬಿಸಿಲು ಬಡಿದು ತಲೆ ಸುತ್ತು ಬಂತಂತೆ. ಗುಡುಗು ಬೇರೆ. ನೀನು ಅವರನ್ನ ಹೆಗಲ ಮೇಲೆ ಹೊತ್ತುಕೊಂಡು ಬಸ್ಸಿಗೆ ತಂದೆಯಂತೆ! ಇಲ್ಲಿ ಬಂದವರಿಗೆಲ್ಲ ಹೇಳ್ತಾ ಇದಾರೆ, ನಮ್ಮ ಬೀಗರು ಇಲ್ಲದಿದ್ದರೆ ನಾನು ಉಳೀತಿರಲಿಲ್ಲ ಅಂತ."

ಗಿರಿಜಾಳ ಕೈಯ ಮೊರ ನಿಂತಿತು. ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು. ನಿಜ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇನ್ನೊಂದು ಗಳಿಗೆ ಸುಮಾ ಕಾದಿದ್ದರೆ ಹೊರಗೂ ಬೀಳುತ್ತಿತ್ತೇನೋ.

"ಅಪ್ಪಾ, ಕೇಳ್ತಾ ಐತಾ?"

"ಐತವ್ವಾ," ಎಂದೆ. "ಅದರಲ್ಲೇನೈತೆ ಬಿಡು. ನಿಮ್ಮ ಮಾವ ಅಂಥಾ ಭಾರ ಏನೂ ಇರಲಿಲ್ಲ."